ಕಿತ್ತ ಮೇಲೂ ಉಸಿರಾಡುವ ಕಾಯಿಪಲ್ಲೆ

ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬೆಳಿಗ್ಗೆ ಕೊಂಡ ಮೆಂತೆ ಪಲ್ಲೆಯ ಸೂಡು ಮಧ್ಯಾಹ್ನದ ಊಟದ ಹೊತ್ತಿಗೆ ಜೋತು ಬಿದ್ದಿರುತ್ತದೆ. ಬೆಂಡೆಕಾಯಿಯ ತುದಿ ಮುರಿದರೆ ಮೊದಲ ದಿನ ಚಟ್ ಎನ್ನುತ್ತದೆ, ಮರುದಿನ ಬಾಗುತ್ತದೆ, ಮುರಿಯುವುದಿಲ್ಲ. ಅದೇ ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ ಯುಗಾದಿಗೆ ತಂದ ಉಳ್ಳಾಗಡ್ಡಿ ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ಮನೆ ಒಂದೇ, ಬಿಸಿಲೂ ಒಂದೇ. ಆದರೂ ಒಂದರ ಆಯುಷ್ಯ ಆರು ತಾಸು, ಇನ್ನೊಂದರದು ಆರು ವಾರ.

ಈ ವ್ಯತ್ಯಾಸಕ್ಕೆ ಕಾರಣ ಗೊತ್ತಾದರೆ ಯಾವ ಕಾಯಿಯನ್ನು ಎಲ್ಲಿಡಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ. ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಫ್ರಿಜ್ಜಿಗೆ ತುರುಕುವ ಪದ್ಧತಿಯಿಂದ ಅರ್ಧ ತರಕಾರಿ ಉಳಿಯುತ್ತದೆ, ಇನ್ನರ್ಧ ಫ್ರಿಜ್ಜಿನಲ್ಲೇ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಗಳಲ್ಲಂತೂ, ಅಂಥ ಮನೆಗಳು ಯಾದಗಿರಿ ಸೀಮೆಯಲ್ಲಿ ಬಹಳ ಇವೆ, ಕೆಟ್ಟದ್ದನ್ನು ದನಕ್ಕೆ ಹಾಕುವುದೇ ರೂಢಿ.

ಗಿಡದಿಂದ ಕಿತ್ತ ಕ್ಷಣಕ್ಕೆ ಕಾಯಿಪಲ್ಲೆ ಸಾಯುವುದಿಲ್ಲ. ಅದರ ಜೀವಕೋಶಗಳು ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ತಮ್ಮೊಳಗೆ ಕೂಡಿಟ್ಟ ಸಕ್ಕರೆಯನ್ನು ಕರಗಿಸಿ, ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಹಾಕುತ್ತಲೇ ಇರುತ್ತವೆ. ಬೇರಿನಿಂದ ಬರುತ್ತಿದ್ದ ನೀರು ನಿಂತಿದೆ, ಎಲೆಯಲ್ಲಿ ತಯಾರಾಗುತ್ತಿದ್ದ ಸಕ್ಕರೆಯೂ ನಿಂತಿದೆ. ಖರ್ಚು ಮಾತ್ರ ನಡೆದೇ ಇದೆ. ಕೂಡಿಟ್ಟದ್ದು ಮುಗಿದಂತೆ ಎಲೆ ಹಳದಿಯಾಗುತ್ತದೆ, ಕಾಯಿ ಸಪ್ಪೆಯಾಗುತ್ತದೆ, ಕೋಶದ ಗೋಡೆ ಸಡಿಲಗೊಂಡು ಕೊಳೆಸುವ ಸೂಕ್ಷ್ಮಜೀವಿಗಳಿಗೆ ದಾರಿ ತೆರೆಯುತ್ತದೆ.

ಈ ಉಸಿರಾಟವನ್ನು ಅಳೆಯಬಹುದು. ಒಂದು ಕಿಲೋ ತರಕಾರಿ ಒಂದು ತಾಸಿನಲ್ಲಿ ಎಷ್ಟು ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ ಎಂಬ ಕೋಷ್ಟಕಗಳನ್ನು ಅಮೆರಿಕದ ಕೃಷಿ ಇಲಾಖೆ ತನ್ನ 66ನೇ ಕೈಪಿಡಿಯಲ್ಲಿ ಕೊಟ್ಟಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣ ಉಳ್ಳಾಗಡ್ಡಿ ಬಿಡುವುದು ಸುಮಾರು 8 ಮಿಲಿಗ್ರಾಂ. ಅಷ್ಟೇ ಬಿಸಿಯಲ್ಲಿ ಪಾಲಕ್ ಸೊಪ್ಪು 230, ಬೆಂಡೆಕಾಯಿ 261. ಎಂದರೆ ಉಳ್ಳಾಗಡ್ಡಿ ಒಂದು ತಿಂಗಳಲ್ಲಿ ಆಡುವ ಉಸಿರನ್ನು ಬೆಂಡೆ ಒಂದೇ ದಿನದಲ್ಲಿ ಆಡಿ ಮುಗಿಸುತ್ತದೆ. ಎಳೆಯ ಎಲೆ, ಎಳೆಯ ಕಾಯಿ, ಬೆಳೆಯುತ್ತಿರುವ ತುದಿ ಇವೆಲ್ಲ ಅವಸರದ ಜೀವಗಳು. ಗಡ್ಡೆ, ಬೇರು ಮತ್ತು ಬಲಿತ ಕುಂಬಳಕಾಯಿಗೆ ಮುಂದಿನ ಮಳೆಗಾಲದವರೆಗೆ ಕಾಯುವ ಸ್ವಭಾವವನ್ನು ಪ್ರಕೃತಿಯೇ ಕೊಟ್ಟಿದೆ.

ಉಷ್ಣಾಂಶ ಏರಿದರೆ ಉಸಿರೂ ಏರುತ್ತದೆ. ಪ್ರತಿ 10 ಡಿಗ್ರಿಗೆ ಅದು ಎರಡು ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗುತ್ತದೆ. ಪಾಲಕ್ ಸೊಪ್ಪಿನ ಲೆಕ್ಕ 0 ಡಿಗ್ರಿಯಲ್ಲಿ 21, 10ರಲ್ಲಿ 110, 20ರಲ್ಲಿ 230. ಬೆಂಡೆಕಾಯಿಯದು 25 ಡಿಗ್ರಿಯಲ್ಲಿ 345. ಕೋಷ್ಟಕ ಅಲ್ಲಿಗೇ ನಿಲ್ಲುತ್ತದೆ. ಯಾದಗಿರಿಯ ಬೇಸಿಗೆಯಲ್ಲಿ ಎಷ್ಟೋ ರಾತ್ರಿಗಳು ಅದಕ್ಕಿಂತ ಬಿಸಿ. ಹಗಲು 42 ಡಿಗ್ರಿ ದಾಟುವುದು ಅಪರೂಪವೇನಲ್ಲ.

ಸೂಡು ಬಿಗಿಯಾಗಿ ಕಟ್ಟಿದ್ದರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಉಸಿರಾಟದ ಶಾಖ ಹೊರಗೆ ಹೋಗಲು ಜಾಗವಿಲ್ಲದೆ ನಡುವೆ ಸೇರಿ ಅಲ್ಲಿನ ಎಲೆಗಳನ್ನು ಇನ್ನಷ್ಟು ಬಿಸಿ ಮಾಡುತ್ತದೆ, ಬಿಸಿಯಾದ ಎಲೆ ಇನ್ನಷ್ಟು ಜೋರಾಗಿ ಉಸಿರಾಡುತ್ತದೆ. ಕೊತ್ತಂಬರಿಯ ಕಟ್ಟು ಹೊರಗೆ ಹಸಿರಾಗಿ ಕಂಡರೂ ಬಿಚ್ಚಿದಾಗ ಒಳಗೆ ಹಳದಿಯಾಗಿ, ಲೋಳೆಯಾಗಿ ಇರುವುದು ಹೀಗಾಗಿಯೇ. ಮನೆಗೆ ಬಂದ ತಕ್ಷಣ ದಾರ ಬಿಚ್ಚಿ, ಹಾಳೆಯ ಮೇಲೆ ಹರವಿ, ಹಳದಿ ಎಲೆ, ಜಜ್ಜಿದ ಎಲೆ ತೆಗೆದುಹಾಕಬೇಕು. ಐದು ನಿಮಿಷದ ಈ ಕೆಲಸದಿಂದಾಗುವಷ್ಟು ಉಪಕಾರ ಬೇರೆ ಯಾವ ಉಪಾಯದಿಂದಲೂ ಆಗದು.

ಎರಡನೆಯ ಶತ್ರು ಒಣ ಗಾಳಿ. ಯಾದಗಿರಿಯಲ್ಲಿ ಬಿಸಿಗಿಂತ ಇದೇ ದೊಡ್ಡದು.

ಸೌತೆಕಾಯಿಯ ತೂಕದಲ್ಲಿ 95 ಭಾಗ ನೀರು, ಪಾಲಕ್‌ನಲ್ಲಿ 91. ಸೊಪ್ಪಿಗೆ ಬಿಗಿ ಕೊಡುವುದು ನಾರಲ್ಲ, ಕೋಶಗಳೊಳಗೆ ತುಂಬಿ ಒತ್ತುತ್ತಿರುವ ಈ ನೀರು. ನೂರು ಗ್ರಾಂ ಸೊಪ್ಪಿನಿಂದ ಐದು ಗ್ರಾಂ ನೀರು ಹೋದರೆ ಸಾಕು, ಎಲೆ ಸೊರಗಿದ್ದು ಕಣ್ಣಿಗೆ ಕಾಣುತ್ತದೆ. ನೀರು ಎಷ್ಟು ಬೇಗ ಹೋಗುತ್ತದೆ ಎಂಬುದು ಸುತ್ತಲಿನ ಗಾಳಿಗೆ ಎಷ್ಟು ದಾಹವಿದೆ ಎಂಬುದರ ಮೇಲೆ ನಿಂತಿದೆ. ಗಾಳಿ ಹಿಡಿದುಕೊಳ್ಳಬಲ್ಲ ನೀರಾವಿಗೂ ಈಗಾಗಲೇ ಹಿಡಿದಿರುವ ನೀರಾವಿಗೂ ಇರುವ ಅಂತರವೇ ಆ ದಾಹ. ವಿಜ್ಞಾನಿಗಳು ಅದನ್ನು ಒತ್ತಡದ ಲೆಕ್ಕದಲ್ಲಿ ಕಿಲೋಪಾಸ್ಕಲ್‌ಗಳಲ್ಲಿ ಹೇಳುತ್ತಾರೆ. 42 ಡಿಗ್ರಿ ಬಿಸಿಲು, ಗಾಳಿಯ ತೇವ ಶೇ 20 ಇರುವ ಒಂದು ಮಧ್ಯಾಹ್ನ ಈ ಅಂತರ ಸುಮಾರು 6.6. ಮಳೆಗಾಲದಲ್ಲಿ 30 ಡಿಗ್ರಿ, ಶೇ 80 ತೇವ ಇದ್ದಾಗ ಅದು 0.85. ಅಂದರೆ ಬೇಸಿಗೆಯ ಗಾಳಿ ಅದೇ ಸೊಪ್ಪನ್ನು ಏಳೆಂಟು ಪಟ್ಟು ಹೆಚ್ಚು ರಭಸದಿಂದ ಹೀರುತ್ತದೆ. 10 ಡಿಗ್ರಿ, ಶೇ 90 ತೇವ ಇರುವ ತಂಪು ಜಾಗಕ್ಕೆ ಹೋಲಿಸಿದರೆ ಐವತ್ತು ಪಟ್ಟು.

ಕರಾವಳಿಯ ಅಥವಾ ಮಲೆನಾಡಿನ ಅಡುಗೆಮನೆಗೆ ಹೇಳಿದ ಉಪಾಯ ಇಲ್ಲಿ ಏಕೆ ಸಾಗುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಮಂಗಳೂರಿನ ಗೃಹಿಣಿ ಸೊಪ್ಪನ್ನು ಬೂಸ್ಟಿನಿಂದ ಕಾಯಬೇಕು, ಸುರಪುರದ ಗೃಹಿಣಿ ಗಾಳಿಯಿಂದ ಕಾಯಬೇಕು.

ಮಾರುಕಟ್ಟೆಯಲ್ಲಿ ಪಲ್ಲೆ ಮಾರುವ ಹೆಣ್ಣುಮಕ್ಕಳು ದಿನವಿಡೀ ಸೂಡುಗಳ ಮೇಲೆ ನೀರು ಚಿಮುಕಿಸುತ್ತ ಕೂಡುತ್ತಾರೆ. ಸೊಪ್ಪು ಸೊರಗದಂತೆ ಗಾಳಿಯ ದಾಹವನ್ನು ಹೊರಗಿನ ನೀರಿನಿಂದ ತೀರಿಸುವ ಸರಿಯಾದ ಕೆಲಸವೇ ಅದು, ಸಂಜೆಯೊಳಗೆ ಮಾರಿ ಮುಗಿಸುವುದಾದರೆ. ಅದೇ ಒದ್ದೆ ಸೂಡನ್ನು ಮನೆಗೆ ತಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಟ್ಟರೆ ಎಲೆಯ ಮೇಲೆ ನಿಂತ ನೀರಿನ ಹನಿಗಳಲ್ಲಿ ಮೆದುಕೊಳೆ ತರುವ ಬ್ಯಾಕ್ಟೀರಿಯಾ ಒಂದೇ ರಾತ್ರಿಯಲ್ಲಿ ಬೆಳೆಯುತ್ತವೆ. "ಅಕ್ಕಾರ, ನೀರಾಗ ಅದ್ದಿಡಬ್ಯಾಡ್ರಿ, ಹಸಿ ಬಟ್ಟ್ಯಾಗ ಸುತ್ತಿಡ್ರಿ" ಎಂದು ಮಾರುವವರೇ ಹೇಳುವುದುಂಟು. ಆ ಮಾತಿನಲ್ಲಿ ಇಡೀ ಶಾಸ್ತ್ರವಿದೆ: ತೇವ ಸೊಪ್ಪಿನ ಸುತ್ತಲಿನ ಗಾಳಿಯಲ್ಲಿ ಇರಬೇಕು, ಸೊಪ್ಪಿನ ಮೈಮೇಲೆ ಹನಿಯಾಗಿ ನಿಲ್ಲಬಾರದು. ತೊಳೆಯುವುದು ಅಡುಗೆಗೆ ಹಚ್ಚುವ ಮುಂಚೆ. ತೊಳೆದೇ ಇಡಬೇಕೆನ್ನುವವರು ನೆರಳಲ್ಲಿ ಬಟ್ಟೆಯ ಮೇಲೆ ಹರವಿ, ನೀರು ಪೂರ್ತಿ ಆರಿದ ಮೇಲೆ ಇಡಬೇಕು. ಬೆಂಡೆಕಾಯಿಗಂತೂ ಈ ನಿಯಮ ಕಟ್ಟುನಿಟ್ಟು; ಒದ್ದೆಯಾಗಿಟ್ಟ ಬೆಂಡೆ ಕಪ್ಪುಚುಕ್ಕೆ ಬಿದ್ದು ಲೋಳೆಯಾಗುತ್ತದೆ. ಬೇರು ಸಮೇತ ಸಿಕ್ಕ ಕೊತ್ತಂಬರಿಯನ್ನು ಮಾತ್ರ ಲೋಟದ ನೀರಿನಲ್ಲಿ ಬೇರಷ್ಟೇ ಮುಳುಗುವಂತೆ ನಿಲ್ಲಿಸಿ, ಎಲೆಗಳ ಮೇಲೆ ಸಡಿಲವಾಗಿ ಬಟ್ಟೆ ಹೊದಿಸಿ, ದಿನಾ ನೀರು ಬದಲಿಸಿದರೆ ಅದು ಕುಡಿಯುತ್ತ ಉಳಿಯುತ್ತದೆ.

ಸೊಪ್ಪಿನ ಬಗ್ಗೆ ಇಷ್ಟು ಮಾತು ಬೇಕೆ ಎಂದು ಕೇಳುವವರಿಗೆ ಜಿಲ್ಲೆಯ ಮಕ್ಕಳನ್ನು ತೋರಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಬಡತನ, ನೀರು, ತಾಯಂದಿರ ಆರೋಗ್ಯ, ಗುಳೆ ಹೀಗೆ ಕಾರಣಗಳು ಹಲವು. ಸೊಪ್ಪೊಂದರಿಂದಲೇ ಅದು ಸರಿಹೋಗದು. ಆದರೆ ರಾಜಗಿರಿ, ಪುಂಡಿ, ಮೆಂತೆ, ಹತ್ತರಕಿಯಂಥ ಪಲ್ಲೆಗಳು ಇಲ್ಲಿನ ಬಡವರ ತಾಟಿಗೆ ಸುಲಭವಾಗಿ ಸಿಗುವ ಪೋಷಕಾಂಶಗಳ ಗಣಿ. ಸೊರಗಿದ ಸೊಪ್ಪಿನಲ್ಲಿ ಕಬ್ಬಿಣ ಹಾಗೇ ಇರುತ್ತದೆ. ಮೊದಲು ಹೋಗುವುದು ಸಿ ಜೀವಸತ್ವ. ಬಿಸಿಯಲ್ಲಿ ಬಾಡುತ್ತ ಬಿದ್ದ ಎಲೆ ಅದರ ದೊಡ್ಡ ಪಾಲನ್ನು ಒಂದೆರಡು ದಿನದಲ್ಲೇ ಕಳೆದುಕೊಳ್ಳುತ್ತದೆ. ಸೊಪ್ಪಿನ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ನೆರವಾಗುವುದು ಆ ಜೀವಸತ್ವವೇ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರ ಸೀಮೆಯ ಹೊಲಗಳು ಬಹುಪಾಲು ಭತ್ತ, ಹತ್ತಿಯತ್ತ ತಿರುಗಿವೆ. ಎಷ್ಟೋ ಹಳ್ಳಿಗಳ ಅಡುಗೆಮನೆ ಕಾಯಿಪಲ್ಲೆಗೆ ನೆಚ್ಚಿರುವುದು ವಾರದ ಸಂತೆಯನ್ನು. ಸಂತೆಯಿಂದ ತಂದದ್ದು ಎರಡೇ ದಿನ ಉಳಿದರೆ ಉಳಿದೈದು ದಿನ ಬೇಳೆ, ಖಾರದ ಪುಡಿ, ರೊಟ್ಟಿ.

ಹಾಗಾದರೆ ಫ್ರಿಜ್ ಇಲ್ಲದೆ, ಅಥವಾ ಇದ್ದರೂ ಕರೆಂಟ್ ನೆಚ್ಚದೆ, ಮನೆಯೊಳಗೆ ತಂಪು ಮತ್ತು ತೇವ ಎರಡನ್ನೂ ಹುಟ್ಟಿಸುವುದು ಹೇಗೆ? ಉತ್ತರ ಕಿಟಕಿಯಲ್ಲೇ ಕೂತಿದೆ. ಯಾದಗಿರಿಯ ಬೇಸಿಗೆಗೆ ಕೂಲರ್ ಬೇಕೇ ಬೇಕು. ಒದ್ದೆಯಾದ ಹುಲ್ಲಿನ ಪರದೆಯ ಮೂಲಕ ಒಣ ಗಾಳಿ ನುಗ್ಗಿದಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಶಾಖ ಒಯ್ಯುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಅದು ಒಂದು ಯೂನಿಟ್‌ನ ಮೂರರಲ್ಲಿ ಎರಡು ಭಾಗ. ಬೇಸಿಗೆ ಬಂದರೆ ರಸ್ತೆಬದಿಯಲ್ಲಿ ಸಾಲಾಗಿ ಮಾರಾಟಕ್ಕೆ ಕೂಡುವ ಮಣ್ಣಿನ ಹರವಿಗಳು ಈ ಕೆಲಸವನ್ನು ಕರೆಂಟೇ ಇಲ್ಲದೆ ಮಾಡುತ್ತವೆ.

ಈ ವಿಧಾನದ ಮಿತಿಯನ್ನೂ ಭೌತವಿಜ್ಞಾನ ನಿಖರವಾಗಿ ಹೇಳುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಗಾಳಿ ಬೀಸಿದಾಗ ಪಾದರಸ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಯಾವ ಮಣ್ಣಿನ ಗಡಿಗೆಯೂ ತಣಿಯಲಾರದು. 42 ಡಿಗ್ರಿ ಬಿಸಿ, ಶೇ 20 ತೇವದ ಗಾಳಿಯಲ್ಲಿ ಆ ಮಟ್ಟ ಸುಮಾರು 24 ಡಿಗ್ರಿ. ಹದಿನೆಂಟು ಡಿಗ್ರಿ ಇಳಿಸುವ ಅವಕಾಶ! ಮಳೆಗಾಲದ 30 ಡಿಗ್ರಿ, ಶೇ 80 ತೇವದಲ್ಲಿ ಅದು 27. ಇಳಿಸಲು ಸಿಗುವುದು ಮೂರೇ ಡಿಗ್ರಿ. ಸೊಪ್ಪನ್ನು ಕೊಲ್ಲುವ ಒಣ ಗಾಳಿಯಲ್ಲೇ ಅದನ್ನು ಉಳಿಸುವ ಶಕ್ತಿಯೂ ಇದೆ ಎಂಬುದು ಈ ಸೀಮೆಯ ಭಾಗ್ಯ. ಬೆಂಗಳೂರಿನ ಜುಲೈಯಲ್ಲಿ ಕೆಲಸಕ್ಕೆ ಬಾರದ ಉಪಾಯ ಯಾದಗಿರಿಯ ಏಪ್ರಿಲ್‌ನಲ್ಲಿ ಅದ್ಭುತವಾಗಿ ನಡೆಯುತ್ತದೆ.

ಇದನ್ನು ತರಕಾರಿಗೆ ಜಗತ್ತಿನ ಗಮನ ಸೆಳೆಯುವಂತೆ ಬಳಸಿದವರು ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ. ಕುಂಬಾರರ ಮನೆತನದಿಂದ ಬಂದ ಅವರು 1990ರ ದಶಕದಲ್ಲಿ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಹಸಿ ಬಟ್ಟೆ ಮುಚ್ಚಿದರು. ಮೂರು ದಿನದಲ್ಲಿ ಕೆಡುತ್ತಿದ್ದ ಬದನೆಕಾಯಿ 27 ದಿನ ಬಾಳಿತು. 2000ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ ಗುಜರಾತಿನ ವಾಂಕಾನೇರ್‌ನ ಮನ್‌ಸುಖ್‌ಭಾಯಿ ಪ್ರಜಾಪತಿ 2001ರ ಭೂಕಂಪದ ಬಳಿಕ ಇದೇ ತತ್ವದ ಮಣ್ಣಿನ ಫ್ರಿಜ್ 'ಮಿಟ್ಟಿಕೂಲ್' ರೂಪಿಸಿದರು; ಅವರೂ ಕುಂಬಾರರೇ. ಮುಂದೆ ಅಮೆರಿಕದ ಎಂಐಟಿಯ ಡಿ-ಲ್ಯಾಬ್ ತಂಡ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಇಂಥ ಗಡಿಗೆಗಳನ್ನು ಅಳೆದು ನೋಡಿ, ಇವು ಎಲ್ಲಿ ಪ್ರಯೋಜನಕ್ಕೆ ಬರುತ್ತವೆ ಎಂದು ಹೇಳಿತು: ಹಗಲಿನ ಬಿಸಿ 25 ಡಿಗ್ರಿಗಿಂತ ಮೇಲಿರಬೇಕು, ಗಾಳಿಯ ತೇವ ಶೇ 40ಕ್ಕಿಂತ ಕೆಳಗಿರಬೇಕು, ನೆರಳು ಮತ್ತು ಗಾಳಿಯಾಡುವ ಜಾಗ ಬೇಕು, ದಿನಾ ಹಾಕಲು ನೀರು ಬೇಕು. ಫೆಬ್ರುವರಿ ಕೊನೆಯಿಂದ ಮುಂಗಾರು ಬರುವವರೆಗಿನ ಯಾದಗಿರಿಯ ಹಗಲುಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಮಾಡುವುದು ಸುಲಭ, ಆದರೆ ಕೆಲವು ವಿವರಗಳಲ್ಲಿ ತಪ್ಪಿದರೆ ಫಲವಿಲ್ಲ. ಎರಡೂ ಗಡಿಗೆ ಬಣ್ಣ, ಎಣ್ಣೆ, ಹೊಳಪು ಕಾಣದ ಬರಿ ಮಣ್ಣಿನ ಮೈಯವಾಗಿರಬೇಕು, ಕನಿಷ್ಠ ಹೊರಗಿನದು. ನಡುವೆ ಎರಡು ಮೂರು ಬೆರಳಿನಷ್ಟು ಮರಳು. ಒಳಗಡಿಗೆಯ ಬಾಯಿಗೆ ನಾಲ್ಕು ಮಡಿಕೆಯ ಹಸಿ ಹತ್ತಿಬಟ್ಟೆ, ಇಲ್ಲವೇ ಗೋಣಿತಾಟು. ಬೆಳಿಗ್ಗೆ, ಸಂಜೆ ಮರಳಿಗೆ ನೀರು. ಒಳಗೆ ನೀರು ನಿಲ್ಲಬಾರದು. ಇಡುವ ಜಾಗ ಪಡಸಾಲೆಯ ನೆರಳು, ಗಾಳಿ ಹಾಯುವ ಕಡೆ. ಮುಚ್ಚಿದ ಕೋಣೆಯ ಮೂಲೆಯಲ್ಲಿಟ್ಟರೆ ಸುತ್ತಲಿನ ಗಾಳಿ ಬೇಗ ತೇವದಿಂದ ತುಂಬಿ ಆವಿಯಾಗುವುದೇ ನಿಲ್ಲುತ್ತದೆ. ಒಲೆಯ ಪಕ್ಕವಂತೂ ಬೇಡ. ಇನ್ನೊಂದು ಸಂಗತಿ ಈ ಭಾಗಕ್ಕೇ ಸೇರಿದ್ದು: ಬೋರ್‌ವೆಲ್‌ನ ಗಡಸು ನೀರು ಆವಿಯಾದಂತೆ ಅದರೊಳಗಿನ ಸುಣ್ಣ, ಉಪ್ಪು ಗಡಿಗೆಯ ಹೊರಮೈಯಲ್ಲಿ ಬಿಳಿ ಪೊರೆಯಾಗಿ ಉಳಿದು ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಗಡಿಗೆ ತಣ್ಣಗಾಗುವುದು ಕಡಿಮೆಯಾಯಿತು ಎನ್ನುವವರು ಮೊದಲು ನೋಡಬೇಕಾದದ್ದು ಈ ಪೊರೆಯನ್ನು. ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿದರೆ ಅದು ಮತ್ತೆ ಬೆವರತೊಡಗುತ್ತದೆ. ಅಷ್ಟರ ಮೇಲೂ ಆಗದಿದ್ದರೆ ಹೊರಗಡಿಗೆ ಬದಲಿಸುವುದೇ ಮದ್ದು.

ಒಂದು ಮನೆಗೆ ಗಡಿಗೆ ಸಾಕು. ಸಂತೆಗೆ ಪಲ್ಲೆ ತರುವ ಬೆಳೆಗಾರರಿಗೆ, ಮಾರುವವರಿಗೆ, ಅಂಗನವಾಡಿಗೆ ಇದನ್ನೇ ಇಟ್ಟಿಗೆಯಲ್ಲಿ ಕಟ್ಟಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್.ಕೆ. ರಾಯ್ ಮತ್ತು ಡಿ.ಎಸ್. ಖುರ್ದಿಯಾ 1980ರ ದಶಕದಲ್ಲಿ ರೂಪಿಸಿದ 'ಶೂನ್ಯ ಶಕ್ತಿ ತಂಪು ಕೋಣೆ'ಗೆ ಒಂದು ತಂತಿಯೂ ಬೇಡ, ಯಂತ್ರವೂ ಬೇಡ. 165 ಸೆಂಟಿಮೀಟರ್ ಉದ್ದ, 115 ಅಗಲದ ಇಟ್ಟಿಗೆಯ ಹಾಸು. ಅದರ ಮೇಲೆ 67.5 ಸೆಂಟಿಮೀಟರ್ ಎತ್ತರದ ಜೋಡಿ ಗೋಡೆ, ಎರಡು ಗೋಡೆಗಳ ನಡುವೆ 7.5 ಸೆಂಟಿಮೀಟರ್ ಸಂದಿ, ಸಂದಿಯಲ್ಲಿ ನದಿಯ ಮರಳು. ಮೇಲೆ ಬಿದಿರು ಮತ್ತು ಒಣಹುಲ್ಲಿನ ಮುಚ್ಚಳ, ಅದಕ್ಕೂ ಮೇಲೆ ನೆರಳಿಗೊಂದು ಚಪ್ಪರ. ದಿನಕ್ಕೆರಡು ಸಲ ನೀರು. ಸುಮಾರು 100 ಕಿಲೋ ತರಕಾರಿ ಹಿಡಿಯುವ ಈ ಕೋಣೆಯೊಳಗೆ ಬೇಸಿಗೆಯಲ್ಲಿ ಹೊರಗಿಗಿಂತ 10ರಿಂದ 15 ಡಿಗ್ರಿ ತಂಪು, ಗಾಳಿಯ ತೇವ ಶೇ 90ರ ಆಸುಪಾಸು. ಅವರ ಪ್ರಯೋಗಗಳಲ್ಲಿ ಬೇಸಿಗೆಯ ಬೆಂಡೆಕಾಯಿ ಹೊರಗೆ 1 ದಿನ ಉಳಿದರೆ ಒಳಗೆ 6 ದಿನ ಉಳಿಯಿತು. ಚಳಿಗಾಲದ ಮೆಂತೆ ಸೊಪ್ಪು 3ರ ಬದಲು 10 ದಿನ, ಆಲೂಗಡ್ಡೆ 40ರ ಬದಲು 97 ದಿನ. ನಾಲ್ಕು ದಶಕಗಳ ಹಳೆಯ ಈ ವಿದ್ಯೆ, ಕೃಷ್ಣಾ ಮತ್ತು ಭೀಮಾ ಎರಡೂ ಹರಿಯುವ ಈ ಜಿಲ್ಲೆಯ ಪ್ರತಿ ಸಂತೆಕಟ್ಟೆಯ ಪಕ್ಕ ಇರಬೇಕಿತ್ತು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಂದೇ ದಿನದಲ್ಲಿ ಕಟ್ಟಿ ಮುಗಿಸಬಹುದಾದ ಕೆಲಸವಿದು. ಸಂಜೆ ಉಳಿದ ಪಲ್ಲೆಯನ್ನು ಸಿಕ್ಕ ಬೆಲೆಗೆ ಕೊಟ್ಟು ಏಳುವ ಅವಸ್ಥೆ ಅದರಿಂದ ತಪ್ಪುತ್ತದೆ. ಗ್ರಾಮ ಪಂಚಾಯಿತಿಗಳು ಇದನ್ನು ಕೈಗೆತ್ತಿಕೊಳ್ಳಲು ಇನ್ನೇನೂ ಅಡ್ಡಿಯಿಲ್ಲ.

ಇನ್ನು ಫ್ರಿಜ್ ಇರುವ ಮನೆಗಳ ವಿಷಯ. ಸುಮಾರು 4 ಡಿಗ್ರಿಯ ತಂಪು ಎಲ್ಲ ತರಕಾರಿಗೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ಗಜ್ಜರಿ, ಎಲೆಕೋಸು, ಹೂಕೋಸು, ಬಟಾಣಿ, ಪಾಲಕ್, ಮೆಂತೆ, ಕೊತ್ತಂಬರಿಗೆ ಅದು ಹಿಡಿಸುತ್ತದೆ. ಅವು 0 ಡಿಗ್ರಿಯ ಹತ್ತಿರದಲ್ಲೂ ಸುಖವಾಗಿರುತ್ತವೆ. ಬದನೆ, ಬೆಂಡೆ, ಸೌತೆ, ಟೊಮೆಟೊ, ಹಸಿಮೆಣಸಿನಕಾಯಿಯ ಮೂಲ ಬೆಚ್ಚನೆಯ ನಾಡು. ಬದನೆ ಮತ್ತು ಸೌತೆಗೆ 10ರಿಂದ 12, ಬೆಂಡೆ ಮತ್ತು ಮೆಣಸಿನಕಾಯಿಗೆ 7ರಿಂದ 10 ಡಿಗ್ರಿ ಹಿತ. ಅದಕ್ಕಿಂತ ತಂಪಾದರೆ ಅವುಗಳ ಕೋಶದ ಪೊರೆಯಲ್ಲಿರುವ ಕೊಬ್ಬು ಬಿಗಿದುಕೊಂಡು, ಪೊರೆ ಸೋರತೊಡಗುತ್ತದೆ. ಬದನೆಯ ಮೈಯಲ್ಲಿ ತಗ್ಗು ಬೀಳುತ್ತದೆ, ಒಳಗಿನ ಬೀಜ ಕಂದುತ್ತದೆ. ಸೌತೆ ನೀರು ನೀರಾಗುತ್ತದೆ. ಹೊರಗೆ ತೆಗೆದಿಟ್ಟ ಮೇಲೆ ಕೊಳೆ ಇನ್ನೂ ಜೋರು.

ಆದರೆ 42 ಡಿಗ್ರಿಯ ಊರಲ್ಲಿ "ಬದನೆಯನ್ನು ಫ್ರಿಜ್ಜಿಗೆ ಹಾಕಲೇಬೇಡಿ" ಎಂದು ಹೇಳಿದರೆ ಅದು ಪುಸ್ತಕದ ಬುದ್ಧಿಯಾಗುತ್ತದೆ. ತಂಪಿನ ಪೆಟ್ಟು ಬೀಳಲು ದಿನಗಳು ಬೇಕು. 5 ಡಿಗ್ರಿಯಲ್ಲಿ ಬದನೆಗೆ ಅದು ಕಾಣಿಸಿಕೊಳ್ಳುವುದು ಒಂದು ವಾರದ ಹೊತ್ತಿಗೆ. ಮೂರು ನಾಲ್ಕು ದಿನದಲ್ಲಿ ಎಣ್ಣೆಗಾಯಿ ಮಾಡುವುದಿದ್ದರೆ, ಹಾಳೆಯಲ್ಲಿ ಸುತ್ತಿ, ಫ್ರಿಜ್ಜಿನ ತಳದ ತರಕಾರಿ ಡಬ್ಬಿಯಲ್ಲಿಟ್ಟರೆ ಧಕ್ಕೆಯಿಲ್ಲ. ಅಲ್ಲಿ ಮೇಲಿನ ಅಂಕಣಕ್ಕಿಂತ ತಂಪು ಕಡಿಮೆ, ತೇವ ಹೆಚ್ಚು. ಮಣ್ಣಿನ ಗಡಿಗೆ ಇರುವ ಮನೆಯಲ್ಲಿ ಬದನೆ, ಬೆಂಡೆ, ಸೌತೆ, ಹೀರೇಕಾಯಿ, ಚವಳಿಕಾಯಿಗೆ ಗಡಿಗೆಯನ್ನೂ ಸೊಪ್ಪಿಗೆ ಫ್ರಿಜ್ಜನ್ನೂ ಬಿಟ್ಟುಕೊಡುವುದು ಲೇಸು. ಫ್ರಿಜ್ಜಿನ ಗಾಳಿಯೂ ಒಣ ಗಾಳಿಯೇ. ಒಳಗಿನ ತೇವ ತಣ್ಣನೆಯ ಸುರುಳಿಯ ಮೇಲೆ ಹೆಪ್ಪುಗಟ್ಟಿ ಹೋಗುತ್ತದೆ. ಆದ್ದರಿಂದ ಸೊಪ್ಪು ಹಾಗೇ ತೆರೆದಿಡುವಂತಿಲ್ಲ. ನಾಲ್ಕೈದು ತೂತು ಮಾಡಿದ ಪ್ಲಾಸ್ಟಿಕ್ ಚೀಲ, ಒಳಗೊಂದು ಒಣಬಟ್ಟೆ: ಚೀಲ ತೇವ ಹಿಡಿದಿಡುತ್ತದೆ, ಬಟ್ಟೆ ಹನಿ ಹೀರುತ್ತದೆ, ತೂತುಗಳು ಉಸಿರಿಗೆ.

ಟೊಮೆಟೊದ ಕಥೆ ಬೇರೆಯೇ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಂಗಡಿಗರು, ಹಣ್ಣು ಟೊಮೆಟೊವನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಪರಿಮಳ ಹುಟ್ಟಿಸುವ ಜೀನ್‌ಗಳ ಮೇಲೆ ರಾಸಾಯನಿಕ ಬೀಗ ಬೀಳುತ್ತದೆ ಎಂದು ತೋರಿಸಿದರು. ಹೊರಗೆ ತೆಗೆದ ಮೇಲೂ ಆ ವಾಸನೆ ಪೂರ್ತಿ ಮರಳುವುದಿಲ್ಲ. ಹಾಗೆಂದು ಬಿಸಿಯಲ್ಲಿ ಬಿಟ್ಟರೂ ಕಷ್ಟ: 30 ಡಿಗ್ರಿ ದಾಟಿದರೆ ಕೆಂಪು ಬಣ್ಣದ ಲೈಕೋಪಿನ್ ಸರಿಯಾಗಿ ತಯಾರಾಗದು. ಬೇಸಿಗೆಯಲ್ಲಿ ಮನೆಯಲ್ಲಿಟ್ಟು ಹಣ್ಣು ಮಾಡಿದ ಟೊಮೆಟೊ ಕೆಂಪಾಗದೆ ಹಳದಿ ಕಿತ್ತಳೆಗೇ ನಿಲ್ಲುವುದು ತಳಿಯ ದೋಷವಲ್ಲ, ಬಿಸಿಯ ಕೆಲಸ. ಕಾಯಿ ಮತ್ತು ದೋರೆ ಟೊಮೆಟೊ ಗಡಿಗೆಯ ಪಕ್ಕದ ತಂಪಿನಲ್ಲಿ ಇರಲಿ. ಪೂರ್ತಿ ಹಣ್ಣಾಗಿ ಮೆತ್ತಗಾದದ್ದನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟು ಸಾರಿಗೆ ಬಳಸಿಬಿಡಬೇಕು.

ಟೊಮೆಟೊ ಮತ್ತು ಬಾಳೆಹಣ್ಣನ್ನು ಸೊಪ್ಪಿನ ಜೊತೆ ಇಡಬಾರದು; ಕಾರಣ ಅವು ಬಿಡುವ ಒಂದು ಅನಿಲ. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್ ಎಂಬ ಯುವ ಸಸ್ಯವಿಜ್ಞಾನಿ, ತನ್ನ ಪ್ರಯೋಗಾಲಯದ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯಲು ಗ್ಯಾಸ್ ದೀಪದಿಂದ ಸೋರುವ ಎಥಿಲೀನ್ ಕಾರಣವೆಂದು ಕಂಡುಹಿಡಿದ. 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಮಾಗುವ ಸೇಬುಗಳೇ ಆ ಅನಿಲವನ್ನು ಹುಟ್ಟಿಸುತ್ತವೆ ಎಂದು ಸಾಬೀತುಪಡಿಸಿದರು. ಮಾಗುವ ಹಣ್ಣು ಬಿಡುವ ಎಥಿಲೀನ್ ಪಕ್ಕದ ಕೊತ್ತಂಬರಿಯನ್ನು ಹಳದಿ ಮಾಡುತ್ತದೆ, ಸೌತೆಯ ಹಸಿರು ತೆಗೆಯುತ್ತದೆ. ಬೇಸಿಗೆಯಲ್ಲಿ ಮಾವಿನಹಣ್ಣಿನ ಬುಟ್ಟಿ ಅಡುಗೆಮನೆ ಹೊಕ್ಕಾಗ ಈ ಎಚ್ಚರ ಇನ್ನೂ ಬೇಕು.

ಈ ಎಲ್ಲ ತಂಪು, ತೇವದ ಏರ್ಪಾಟು ಉಳ್ಳಾಗಡ್ಡಿಗೆ ವಿಷ. ಅದರ ನಿದ್ದೆ ವಿಚಿತ್ರವಾದದ್ದು: 0 ಡಿಗ್ರಿಯಲ್ಲಿ ಮಲಗಿರುತ್ತದೆ, 25ರಿಂದ 30 ಡಿಗ್ರಿಯ ಬಿಸಿಯಲ್ಲೂ ಮಲಗಿರುತ್ತದೆ, ನಡುವಿನ 10ರಿಂದ 20 ಡಿಗ್ರಿಯ ಹಿತವಾದ ತಂಪಿನಲ್ಲಿ ಎದ್ದು ಮೊಳೆಯುತ್ತದೆ. ಬಳ್ಳೊಳ್ಳಿಯ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಫ್ರಿಜ್ಜಿನಲ್ಲಿಟ್ಟ ಬಳ್ಳೊಳ್ಳಿ ಬೇಗ ಹಸಿರು ಮೊಳಕೆ ಬಿಡುತ್ತದೆ. ಹಾಗಾಗಿ ಯಾದಗಿರಿಯ ಸುಡುಬೇಸಿಗೆ ಉಳ್ಳಾಗಡ್ಡಿಗೆ ಒಳ್ಳೆಯ ಗೋದಾಮು. ಕೊರಳು ಚೆನ್ನಾಗಿ ಒಣಗಿ ಮುಚ್ಚಿಕೊಂಡ, ಹೊರಸಿಪ್ಪೆ ಗರಿಗರಿ ಎನ್ನುವ ಗಡ್ಡೆ ಆರಿಸಬೇಕು. ದಪ್ಪ ಕೊರಳಿನದನ್ನು ಮೊದಲು ಬಳಸಬೇಕು. ಒಣ ದಂಟುಗಳನ್ನು ಹೆಣೆದು ಜಂತಿಗೆ ತೂಗುಹಾಕುವ ಹಳ್ಳಿಯ ಪದ್ಧತಿಯಲ್ಲಿ ಪ್ರತಿ ಗಡ್ಡೆಗೂ ಸುತ್ತ ಗಾಳಿ ಸಿಗುತ್ತದೆ, ಒಂದರ ಕೊಳೆ ಇನ್ನೊಂದಕ್ಕೆ ಹತ್ತುವುದು ತಡವಾಗುತ್ತದೆ. ಆಲೂಗಡ್ಡೆಯನ್ನು ಅದರ ಜೊತೆ ಒಂದೇ ಬುಟ್ಟಿಯಲ್ಲಿ ಹಾಕುವುದು ಬೇಡ. ಆಲೂಗಡ್ಡೆ ಬಿಡುವ ತೇವ ಉಳ್ಳಾಗಡ್ಡಿಗೆ ಆಗದು. ಆಲೂಗಡ್ಡೆಗೆ ಕತ್ತಲೆ ಬೇಕು. ಬೆಳಕು ಬಿದ್ದರೆ ಅದು ಹಸಿರಾಗುತ್ತದೆ, ಜೊತೆಗೆ ಸೋಲನಿನ್ ಎಂಬ ಕಹಿ ವಿಷವೂ ಕೂಡುತ್ತದೆ.

ಉಳಿಸಿಡುವ ಪುರಾತನ ದಾರಿ ಒಣಗಿಸುವುದು, ಅದರಲ್ಲಿ ಈ ಸೀಮೆಯ ಹೆಣ್ಣುಮಕ್ಕಳು ನಿಪುಣರು. ಚವಳಿಕಾಯಿಯನ್ನು ಉಪ್ಪುನೀರಿನಲ್ಲಿ ಒಂದು ಕುದಿ ಬರಿಸಿ ಮಾಳಿಗೆಯ ಮೇಲೆ ಹರವುತ್ತಾರೆ. ಆ ಒಂದು ಕುದಿ ಬಹಳ ಮುಖ್ಯ, ಬಣ್ಣ ಮತ್ತು ರುಚಿ ಕೆಡಿಸುವ ಕಿಣ್ವಗಳು ಅದರಿಂದ ಕೆಲಸ ನಿಲ್ಲಿಸುತ್ತವೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸುವ ಬಾಳಕದ ಮೆಣಸಿನಕಾಯಿಯಲ್ಲಿ ಉಪ್ಪು, ಹುಳಿ, ಒಣಗಾಳಿ ಮೂರೂ ಸೇರಿ ಕಾಯುತ್ತವೆ. ಆಹಾರದಲ್ಲಿ ಸೂಕ್ಷ್ಮಜೀವಿಗಳಿಗೆ ಸಿಗುವ ನೀರಿನ ಮಟ್ಟ ಶುದ್ಧ ನೀರಿನ ಶೇ 60ಕ್ಕಿಂತ ಕೆಳಗಿಳಿದರೆ ಬೂಸ್ಟೂ ಬೆಳೆಯಲಾರದು. ಮೆಂತೆ, ಕರಿಬೇವನ್ನು ಮಾತ್ರ ನೇರ ಬಿಸಿಲಿಗೆ ಹಾಕಬಾರದು. ಬೆಳಕು ಅವುಗಳ ಕ್ಯಾರೊಟಿನ್ ಸುಟ್ಟುಬಿಡುತ್ತದೆ. ಶೇ 20 ತೇವದ ಗಾಳಿಗೆ ನೆರಳೇ ಸಾಕು. ಪಡಸಾಲೆಯಲ್ಲಿ ತೆಳು ಬಟ್ಟೆಯಡಿ ಹರವಿದ ಮೆಂತೆ ಒಂದೆರಡು ದಿನದಲ್ಲಿ ಪುಡಿಯಾಗುವಷ್ಟು ಒಣಗಿರುತ್ತದೆ, ಹಸಿರಾಗಿಯೇ.

ಜೂನ್‌ನಲ್ಲಿ ಗಾಳಿ ತಿರುಗಿ ಮೋಡ ಕಟ್ಟಿದ ಮೇಲೆ ಈ ಲೆಕ್ಕಗಳೆಲ್ಲ ಬದಲಾಗುತ್ತವೆ. ಮರಳಿನ ಗಡಿಗೆ ತಣಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ; ಅದರೊಳಗಿನ ತೇವ ಈಗ ಬೂಸ್ಟಿಗೆ ಅನುಕೂಲ. ಮರಳು ತೆಗೆದು ಬಿಸಿಲು ಕಂಡ ದಿನ ಒಣಗಿಸಿ, ಗಡಿಗೆ ಕವುಚಿಡುವ ಕಾಲ ಅದು. ಸೊಪ್ಪಿಗೆ ಹಸಿ ಬಟ್ಟೆಯ ಬದಲು ಒಣಬಟ್ಟೆ ಬೇಕು. ಬೇಸಿಗೆಯಲ್ಲಿ ಅಲುಗದೆ ಇದ್ದ ಉಳ್ಳಾಗಡ್ಡಿಯ ಸಿಪ್ಪೆಯಡಿ ಕಪ್ಪು ಪುಡಿ ಕಾಣಿಸಿಕೊಳ್ಳುವುದೂ ಆಗಲೇ: ಆಸ್ಪರ್ಜಿಲಸ್ ನೈಜರ್ ಎಂಬ ಈ ಬೂಸ್ಟಿಗೆ 28ರಿಂದ 34 ಡಿಗ್ರಿಯ ಬಿಸಿ ಮತ್ತು ತೇವ ಎರಡೂ ಸಿಕ್ಕಿದಾಗ ಹಬ್ಬ. ಮೊದಲ ಮಳೆಯ ಮುಂಚೆಯೇ ಗೋಣಿಚೀಲದಿಂದ ಬಿಡಿಸಿ, ನೆಲದಿಂದ ಎತ್ತರದ ಬಿದಿರು ತಟ್ಟೆಯ ಮೇಲೆ ಒಂದೇ ಪದರವಾಗಿ ಹರವಬೇಕು. ವಾರಕ್ಕೊಮ್ಮೆ ಕೈಯಾಡಿಸಿ, ಮೆತ್ತಗಾದದ್ದನ್ನು ಎಸೆದು, ಮೊಳಕೆ ಬಂದದ್ದನ್ನು ಅಂದೇ ಒಗ್ಗರಣೆಗೆ ಹಾಕಿದರೆ ಉಳಿದ ಗಡ್ಡೆಗಳು ಶ್ರಾವಣದವರೆಗೆ ಬರುತ್ತವೆ.